ತಕ್ಕಡಿ ಹಿಡಿದವರು ಯಾರು?



ಪ್ರೀತಿ ಮುರಿದ ಕತೆಯನ್ನು ಇಂಥ ಪತ್ರಿಕೆಗೆ ಬರೆಯಬೇಕೇ ಎಂದು ನಾವು ಮೂರು ತಿಂಗಳು ಯೋಚಿಸಿದೆವು. ಭೂಮಿಯ ಪ್ರಶ್ನೆ ಇದೆ, ಕೂಲಿಯ ಪ್ರಶ್ನೆ ಇದೆ, ಸ್ಮಶಾನಕ್ಕೆ ದಾರಿಯಿಲ್ಲದ ಕೇರಿಗಳು ಇನ್ನೂ ಇವೆ. ಇವೆಲ್ಲ ಬಿಟ್ಟು ಒಬ್ಬ ಹುಡುಗಿಯ ಕಣ್ಣೀರಿಗೆ ಪುಟ ಯಾಕೆ ಎಂದು ಕೇಳುವವರಿದ್ದಾರೆ. ನಮ್ಮೊಳಗೂ ಒಬ್ಬಾಕಿ ಕುಂತು ಹಿಂಗ ಕೇಳತಾಳ. ಆದರೂ ಬರೆಯುತ್ತಿದ್ದೇವೆ. ಯಾಕೆಂದರೆ ಈ ಕಣ್ಣೀರಿಗೂ ಜಾತಿ ಇದೆ ಎಂಬುದು ನಮಗೆ ತಡವಾಗಿ ತಿಳಿಯಿತು.

ಇಲ್ಲಿ 'ನಾವು' ಎಂದರೆ ಒಬ್ಬಾಕಿಯೂ ಹೌದು, ಕೇರಿಯೂ ಹೌದು. 'ನಾನು' ಎಂಬುದು ಕಾಲೇಜು ಕಲಿಸಿದ ಮಾತು. ಕೇರಿಯೊಳಗೆ ಬೈಸಿಕೊಂಡಾಗ ಒಬ್ಬರೇ ಬೈಸಿಕೊಂಡದ್ದಿಲ್ಲ, ಉಪವಾಸ ಬಿದ್ದಾಗಲೂ ಒಬ್ಬರೇ ಬಿದ್ದದ್ದಿಲ್ಲ. ಬಿಟ್ಟುಹೋದದ್ದನ್ನು ಮಾತ್ರ ಒಬ್ಬಾಕಿಯ ಲೆಕ್ಕಕ್ಕೆ ಯಾಕೆ ಬರೆದುಕೊಳ್ಳಬೇಕು?

ನಮ್ಮೂರು ಕುಲಗೋಡ. ಮೊದಲು ಗೋಕಾಕ ತಾಲೂಕಿನೊಳಗಿತ್ತು, ಈಗ ಮೂಡಲಗಿ ತಾಲೂಕು. ಊರ ಹೆಸರು ಹೇಳಿದರೆ ಓದಿದವರು 'ಪಾರಿಜಾತದ ತಮ್ಮಣ್ಣನ ಊರಲ್ಲವೇ' ಅನ್ನುತ್ತಾರೆ. ಹೌದು. ಅಪರಾಳ ತಮ್ಮಣ್ಣ ಬರೆದ ಶ್ರೀಕೃಷ್ಣ ಪಾರಿಜಾತವನ್ನು ಹಳ್ಳಿಹಳ್ಳಿಗೆ ಆಟವಾಗಿ ಒಯ್ದವನು ಕುಲಗೋಡ ತಮ್ಮಣ್ಣ. ಪಕ್ಕದ ಕೌಜಲಗಿಯ ನಿಂಗಮ್ಮ ಇದೇ ಆಟದಿಂದ ನಾಡಿಗೆ ಹೆಸರಾದರು. ನಾರದ ತಂದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ಕೇಳಿ ಸತ್ಯಭಾಮೆ ಬೆಂಕಿಯಾಗುತ್ತಾಳೆ. ಆಮೇಲೆ ಬೆಳಕು ಹರಿಯುವ ತನಕ ಅವಳ ಸಿಟ್ಟು, ಅವಳ ಅಳು, ಅವಳ ಕಾಯುವಿಕೆ. ನಮ್ಮ ಸೀಮೆಯ ಹೆಣ್ಣುಮಕ್ಕಳು ವಿರಹವನ್ನು ಕಲಿತದ್ದೇ ಈ ಭಾಮೆಯಿಂದ.

ನಮ್ಮ ಆಯಿ ಒಂದು ಮಾತು ಹೇಳುತ್ತಿದ್ದಳು. "ಭಾಮಿ ಅಳೂದು ನೋಡಿ ಊರ ಹೆಂಗಸರೆಲ್ಲ ಸೆರಗಿಲೆ ಕಣ್ಣ ಒರಸಿಕೊಳ್ತಿದ್ರು. ನಾವು ಕೇರಿಯವರು ದೂರ ಕುಂತು ನೋಡ್ತಿದ್ವಿ. ನನಗ ಅಳು ಬರಲಿಲ್ಲ. ಆಕಿಗೆ ಅರಮನಿ ಐತಿ, ಸಿಟ್ಟು ಬಂದ್ರ ಹಾಕ್ಕೊಳ್ಳಾಕ ಬಾಗಲಾ ಐತಿ. ನಮಗ ಸಿಟ್ಟು ಬಂದ್ರ ಹಾಕ್ಕೊಳ್ಳಾಕ ಬಾಗಲಾ ಎಲ್ಲೈತಿ?"

ಸಣ್ಣವರಿದ್ದಾಗ ನಾವು ಇದನ್ನು ಕೇಳಿ ನಗುತ್ತಿದ್ದೆವು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರು ನಾವೇ ಮೊದಲು. ಅಪ್ಪ ಕಬ್ಬು ಕಡಿಯುವ ಗ್ಯಾಂಗಿನಾತ. ಅವ್ವ ಹಂಗಾಮಿನಲ್ಲಿ ಅಪ್ಪನ ಹಿಂದೆ ಕಬ್ಬಿನ ಹೊರೆ ಕಟ್ಟುವಾಕಿ, ಉಳಿದ ದಿನ ಕಳೆ ಕೀಳುವಾಕಿ. ನಾವು ಬಿ.ಎ. ಪಾಸಾದ ದಿನ ಅಪ್ಪ ಮಾರ್ಕ್ಸ್ ಕಾರ್ಡನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ. ನಾವು ಅದನ್ನು ತಿರುಗಿಸಿ ಕೊಡಲಿಲ್ಲ. ಹೆಂಗ ಹಿಡಿದರೂ ಅದು ಅವನ ಬೆವರೇ ಆಗಿತ್ತು.

ಕಾಲೇಜಿನಲ್ಲಿ ಕವಿತೆ ಬಂತು, ಚಳವಳಿ ಬಂತು, ಅವನೂ ಬಂದ. ಮೇಲ್ಜಾತಿಯವ. ಕಾಲುವೆ ನೀರಿನ ಹೊಲ, ಮನೆ ಮುಂದೆ ಟ್ರ್ಯಾಕ್ಟರು. ಆದರೂ ಅಧ್ಯಯನ ಶಿಬಿರಗಳಲ್ಲಿ ಚಾಪೆಯ ಮೇಲೆ ನಮ್ಮ ಸರಿಸಮ ಕೂಡುತ್ತಿದ್ದ, ಒಂದೇ ತಾಟಿನಲ್ಲಿ ಉಣ್ಣುತ್ತಿದ್ದ. ಹನ್ನೆರಡನೇ ಶತಮಾನದ ಕಲ್ಯಾಣದ ಬಗ್ಗೆ ಅವನು ಭಾಷಣ ಮಾಡಿದರೆ ಜನ ಎದ್ದು ಚಪ್ಪಾಳೆ ಹೊಡೆಯುತ್ತಿದ್ದರು. ಹರಳಯ್ಯನ ಮಗ ಶೀಲವಂತನಿಗೂ ಮಧುವರಸನ ಮಗಳು ಲಾವಣ್ಯಳಿಗೂ ಆದ ಮದುವೆ, ಅದಕ್ಕೆ ಆ ಹಿರಿಯರು ತೆತ್ತ ಜೀವ. ಇದನ್ನು ಹೇಳುವಾಗ ಅವನ ಗಂಟಲು ಕಟ್ಟುತ್ತಿತ್ತು. ಆ ಗಂಟಲು ಸುಳ್ಳಾಗಿತ್ತು ಎಂದು ನಾವು ಇವತ್ತೂ ಹೇಳುವುದಿಲ್ಲ. ಅದಕ್ಕೇ ನೋವು ಜಾಸ್ತಿ.

ನಾಲ್ಕು ವರ್ಷ ನಡೆಯಿತು. ಕೂಡಿ ಓದಿದೆವು. ಕೂಡಿ ಪೋಸ್ಟರ್ ಬರೆದೆವು. 1954ರ ವಿಶೇಷ ವಿವಾಹ ಕಾಯ್ದೆಯನ್ನು ಕೂಡಿ ಕುಂತು ಓದಿದೆವು. ಮದುವೆಗೆ ಮೊದಲು ನೋಟಿಸು ಕೊಡಬೇಕು, ಆ ನೋಟಿಸು ಕಚೇರಿಯ ಗೋಡೆಯ ಮೇಲೆ ಮೂವತ್ತು ದಿನ ಎಲ್ಲರ ಕಣ್ಣಿಗೆ ಬೀಳುವಂತೆ ತೂಗಬೇಕು. "ಮೂವತ್ತು ದಿನ ಏನ ಲೆಕ್ಕ, ಮೂರು ಸಾವಿರ ವರ್ಷ ತಡಕೊಂಡೀವಿ" ಎಂದು ನಾವು ನಕ್ಕೆವು. ಅವನು ನಗಲಿಲ್ಲ. ಅವತ್ತೇ ತಿಳಿಯಬೇಕಿತ್ತು.

ಮೊದಲು ಬಂದದ್ದು ಸಣ್ಣ ಬೇಡಿಕೆ. ಅವರ ಅವ್ವನನ್ನು ಕಾಣಲು ಹೋಗುವಾಗ ಅಡ್ಡಹೆಸರು ಹೇಳಬ್ಯಾಡ ಅಂದ. "ಅಷ್ಟ. ಬರೇ ಅಡ್ಡಹೆಸರು. ಯಾವ ಮಂದಿ ಅಂತ ಕೇಳಿದ್ರ ಬ್ಯಾರೆ ಏನರ ಹೇಳೋಣ. ಒಮ್ಮೆ ಅವ್ವ ಒಪ್ಪಿದ ಮ್ಯಾಲ ಖರೇದು ಹೇಳಿದ್ರಾತು." ನಾವು ಒಂದು ರಾತ್ರಿ ಇದನ್ನೂ ಯೋಚಿಸಿದೆವು ಎಂದು ಒಪ್ಪಿಕೊಳ್ಳಬೇಕು. ಪ್ರೀತಿ ಮನುಷ್ಯರನ್ನು ಎಷ್ಟು ಬಗ್ಗಿಸುತ್ತದೆ ನೋಡಿರಿ. ಬೆಳಗಾದ ಮೇಲೆ ಅಪ್ಪನ ಕೈ ನೋಡಿದೆವು. ರವದಿ ಕೊಯ್ದು ಗೀರು ಬಿದ್ದ ಕೈ. ಆ ಕೈಯನ್ನು ಯಾರ ಕೈ ಅಂತ ಹೇಳುವುದು? ಆಗುವುದಿಲ್ಲ ಎಂದು ಹೇಳಿ ಕಳಿಸಿದೆವು.

ಆಮೇಲೆ ಅವನ ಮಾತು ಕಡಿಮೆಯಾಯಿತು. ಅವ್ವನ ಬಿ.ಪಿ., ತಂಗಿಯ ಲಗ್ನ, ದೊಡ್ಡಪ್ಪನ ಸಿಟ್ಟು, ಪ್ರತಿ ಸಾರಿ ಒಂದೊಂದು ಕಾರಣ. ಜಾತಿ ಎಂಬ ಎರಡಕ್ಷರ ಮಾತ್ರ ಅವನ ಬಾಯಿಂದ ಬರಲಿಲ್ಲ. ವೇದಿಕೆಯ ಮೇಲೆ ನೂರು ಸಲ ಆಡಿದ ಶಬ್ದ ನಮ್ಮೆದುರಿಗೆ ಅವನ ನಾಲಿಗೆಗೆ ಸಿಗಲಿಲ್ಲ. ಕೊನೆಗೆ ಒಂದು ಸಂಜೆ ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ, ಬಸ್ಸುಗಳ ಹೊಗೆಯ ನಡುವೆ, ನೆಲ ನೋಡುತ್ತ ಹೇಳಿದ. ತನ್ನ ಮಂದಿಯೊಳಗೇ ಹುಡುಗಿ ಗೊತ್ತಾಗಿದೆ. ಎಂಗೇಜ್‌ಮೆಂಟು ಆಗಿದೆ.

ಅಷ್ಟಕ್ಕೇ ನಿಂತಿದ್ದರೆ ಈ ಬರಹ ಬರುತ್ತಿರಲಿಲ್ಲ. ಅವನು ಮತ್ತೊಂದು ಮಾತು ಆಡಿದ. "ಲಗ್ನ ಮನಿಯವರ ಸಲುವಾಗಿ. ಪ್ರೀತಿ ನಿನ್ನ ಸಲುವಾಗಿ. ನಮ್ಮಿಬ್ಬರ ನಡುವ ಏನೂ ಬದಲಾಗೂದು ಬ್ಯಾಡ."

ಕುಲಗೋಡಕ್ಕೆ ಬಸ್ಸು ಹತ್ತಿದೆವು. ದಾರಿಯುದ್ದ ಕಬ್ಬಿನ ಹೊಲ. ಆ ಮಾತನ್ನು ಅವನು ದಯೆಯಿಂದ ಆಡಿದ್ದಾನೆ ಎಂದೇ ಅವತ್ತು ಅನ್ನಿಸಿತ್ತು. ನಮ್ಮನ್ನು ಪೂರ್ತಿ ಬಿಡಲಿಲ್ಲವಲ್ಲ ಎಂದು ಒಂದು ಕ್ಷಣ ಸಮಾಧಾನವೂ ಆಗಿತ್ತು. ಈಗ ಆ ಕ್ಷಣ ನೆನೆದರೆ ನಾಚಿಕೆಯಾಗುತ್ತದೆ. ಬಿಟ್ಟುಹೋದದ್ದಕ್ಕಿಂತ ಹೆಚ್ಚು ಸುಟ್ಟದ್ದು ಆ ಸಮಾಧಾನ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆಯಿಗೆ ಹೇಳಬೇಕಾಗಲಿಲ್ಲ. ಎರಡು ದಿನ ನಾವು ಉಣ್ಣದೆ ಮಲಗಿದ್ದನ್ನು ನೋಡಿ ಬಂದು ಪಕ್ಕಕ್ಕೆ ಕುಂತಳು. ಆ ಮಾತನ್ನು ಹಾಗೇ ಒಪ್ಪಿಸಿದೆವು. ಆಯಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಎದ್ದು ಹಳೇ ಟ್ರಂಕಿನಿಂದ ಒಂದು ಬಟ್ಟೆಯ ಗಂಟು ತಂದು ಬಿಚ್ಚಿದಳು. ಒಳಗೆ ಕೆಂಪು ಬಿಳಿ ಮಣಿಗಳು. ದಾರ ಹರಿದಿತ್ತು.

"ನನಗೂ ಹಿಂಗ ಅಂದಿದ್ದ ನೋಡವಾ ಒಬ್ಬ. ಮನ್ಯಾಗ ಹೇಣತಿ ಅದಾಳ, ಆದ್ರ ಜೀಂವ ನಿನ್ನ ಮ್ಯಾಲ ಅಂತ. ಹೊಸಾ ಮಾತಲ್ಲ ಮಗಳ ಇದು. ನಿನ್ನಾಂವ ಇದನ್ನ ಬುಕ್ಕಿನ್ಯಾಗ ಕಲತಿಲ್ಲ, ಮನ್ಯಾಗ ಕಲತಾನ."

ಆಯಿಗೆ ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ್ದರು ಎಂಬುದು ಮನೆಯೊಳಗೆ ಎಲ್ಲರಿಗೂ ಗೊತ್ತಿದ್ದೂ ಯಾರೂ ಆಡದ ಮಾತು. ಹತ್ತು ವರ್ಷದ ಹುಡುಗಿಗೆ ಕಟ್ಟಿದರು. ಹಗಲು ಅವಳ ನೆರಳು ಬಿದ್ದರೆ ಮೈಲಿಗೆ. ರಾತ್ರಿ ಅವಳ ಬಾಗಿಲಿಗೆ ಬರಲು ಮೈಲಿಗೆ ಇಲ್ಲ. ಬಂದವನು ಗಂಡನಾಗಬೇಕಿಲ್ಲ, ಹುಟ್ಟಿದ ಮಗುವಿಗೆ ಹೆಸರು ಕೊಡಬೇಕಿಲ್ಲ, ಹೊಲದಲ್ಲಿ ಒಂದು ಗುಂಟೆ ಕೊಡಬೇಕಿಲ್ಲ. ಇದಕ್ಕೆ ಊರು ದೇವರ ಹೆಸರು ಕೊಟ್ಟಿತ್ತು. ಕರ್ನಾಟಕದಲ್ಲಿ ಇದನ್ನು ನಿಷೇಧಿಸುವ ಕಾನೂನು ಬಂದದ್ದು 1982ರಲ್ಲಿ. ಅಷ್ಟೊತ್ತಿಗೆ ನಮ್ಮ ಅವ್ವ ಹುಟ್ಟಿ ಓಡಾಡುತ್ತಿದ್ದಳು. ಸಾಲಿಯೊಳಗೆ ಅಪ್ಪನ ಹೆಸರು ಏನು ಎಂದು ಮಾಸ್ತರು ಕೇಳಿದಾಗ ಅವ್ವ ಸುಮ್ಮನೆ ನಿಂತಳಂತೆ, ಉಳಿದ ಹುಡುಗರು ನಕ್ಕರಂತೆ, ಮರುದಿನದಿಂದ ಹೋಗಲಿಲ್ಲ. ದೇವದಾಸಿಯ ಮಕ್ಕಳು ತಂದೆಯ ಹೆಸರು ಹೇಳಲೇಬೇಕೆಂಬ ಒತ್ತಾಯ ಬೇಡ ಎಂಬ ಮಾತು ಕಾನೂನಿನೊಳಗೆ ಬರಲು 2025 ಬರಬೇಕಾಯಿತು.

ಆದರೆ ಆಯಿ ಕಾನೂನಿಗೆ ಕಾಯಲಿಲ್ಲ. ಮಗಳು ದೊಡ್ಡವಳಾದಾಗ, ಇವಳಿಗೂ ಮುತ್ತು ಕಟ್ಟಿಸು ಎಂದು ಊರ ಹಿರಿಯರು ಹೇಳಿ ಕಳಿಸಿದರು. ಆಯಿ ತನ್ನ ಕೊರಳ ಮಣಿಸರ ತಾನೇ ಹರಿದಳು. ಮಣಿಗಳನ್ನು ಆರಿಸಿ ಗಂಟು ಕಟ್ಟಿ ಟ್ರಂಕಿನಲ್ಲಿ ಇಟ್ಟಳು. ಕಬ್ಬು ಕಡಿಯುವ ಒಬ್ಬ ಬಡವನಿಗೆ, ಹಗಲು ಹೊತ್ತಿನಲ್ಲಿ, ನಾಲ್ಕು ಜನರೆದುರು ಮಗಳ ಲಗ್ನ ಮಾಡಿದಳು. ಅಕ್ಷರ ಬರದ ಹೆಂಗಸು. ತನ್ನ ಬೆಲೆ ಏನು ಎಂದು ಅವಳಿಗೆ ಯಾರು ಹೇಳಿಕೊಟ್ಟಿದ್ದರು?

ಇಂಥ ಹೆಂಗಸರು ನಮ್ಮ ಸೀಮೆಯಲ್ಲಿ ಒಬ್ಬರಲ್ಲ. ಚಿಕ್ಕೋಡಿ ತಾಲೂಕಿನ ಕಬ್ಬೂರಿನ ಸೀತವ್ವ ಜೋಡಟ್ಟಿಯವರು ಎಳೆಯ ವಯಸ್ಸಿನಲ್ಲೇ ಮುತ್ತು ಕಟ್ಟಿಸಿಕೊಂಡವರು. ಅವರೂ ಅವರಂಥ ಹೆಂಗಸರೂ ಸೇರಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಬೆಳೆಸಿದರು. 2018ರಲ್ಲಿ ಸರ್ಕಾರ ಸೀತವ್ವನವರಿಗೆ ಪದ್ಮಶ್ರೀ ಕೊಟ್ಟಿತು. ಪದ್ಮಶ್ರೀಯಿಂದ ಅವರ ಬೆಲೆ ಹೆಚ್ಚಾಯಿತು ಎಂದು ನಾವು ತಿಳಿಯುವುದಿಲ್ಲ. ಮೊದಲೇ ಇದ್ದ ಬೆಲೆ ದಿಲ್ಲಿಗೆ ತಡವಾಗಿ ಕಂಡಿತು, ಅಷ್ಟೆ.

ಆಯಿಯ ಮಾತು ಕೇಳಿದ ಕೂಡಲೇ ನಮಗೆ ಜ್ಞಾನೋದಯವಾಯಿತು ಎಂದು ಬರೆದರೆ ಸುಳ್ಳಾದೀತು. ತಿಳಿಯುವುದು ಬೇರೆ, ತಾಳಿಕೊಳ್ಳುವುದು ಬೇರೆ. ಆರು ತಿಂಗಳು ಒಂದು ಸಾಲು ಬರೆಯಲಿಲ್ಲ. ಕನ್ನಡಿ ನೋಡಿದರೆ ಕಪ್ಪು ಬಣ್ಣ ಮಾತ್ರ ಕಾಣುತ್ತಿತ್ತು. ಇನ್ನೂ ಸ್ವಲ್ಪ ಬೆಳ್ಳಗಿದ್ದರೆ, ನೌಕರಿ ಇದ್ದಿದ್ದರೆ, ಆ ಅಡ್ಡಹೆಸರನ್ನು ನುಂಗಿಕೊಂಡಿದ್ದರೆ ಎಂದು ಲೆಕ್ಕ ಹಾಕುತ್ತ ಕೂಡುತ್ತಿದ್ದೆವು. ಅವನ ಲಗ್ನದ ಫೋಟೋ ಯಾರದೋ ಮೊಬೈಲಿನಲ್ಲಿ ಕಂಡಾಗ ಆ ಹುಡುಗಿಯ ಮೈಮೇಲಿನ ಬಂಗಾರ ಎಣಿಸಿದೆವು. ನೋಡಿರಿ, ಬಿಟ್ಟವನು ಬಿಟ್ಟು ಹೋಗಿದ್ದ. ಅವನ ಮನೆಯ ತಕ್ಕಡಿಯನ್ನು ನಾವೇ ಹೊತ್ತುಕೊಂಡು ಬಂದು ನಮ್ಮ ಮನೆಯ ಜಂತಿಗೆ ನೇತುಹಾಕಿದ್ದೆವು. ದಿನಾ ಬೆಳಗಾದರೆ ನಾವೇ ಹತ್ತಿ ಕುಂತು ನಮ್ಮನ್ನೇ ತೂಗಿಕೊಂಡು, ಕಮ್ಮಿ ಬಿತ್ತು ಎಂದು ಅಳುತ್ತಿದ್ದೆವು.

ತುಲಾಭಾರದ ಕತೆ ಎಲ್ಲರಿಗೂ ಗೊತ್ತು. ಕೃಷ್ಣನನ್ನು ತೂಗಲು ಸತ್ಯಭಾಮೆ ತನ್ನ ಬಂಗಾರವನ್ನೆಲ್ಲ ಸುರಿದಳು, ತಕ್ಕಡಿ ಏಳಲಿಲ್ಲ. ರುಕ್ಮಿಣಿ ಒಂದು ಎಸಳು ತುಳಸಿ ಇಟ್ಟಳು, ಎದ್ದಿತು. ಭಕ್ತಿ ದೊಡ್ಡದು ಎಂದು ಪುರಾಣಿಕರು ಅರ್ಥ ಹೇಳುತ್ತಾರೆ. ನಮ್ಮ ಪ್ರಶ್ನೆ ಬೇರೆ. ಇಬ್ಬರು ಹೆಣ್ಣುಮಕ್ಕಳು ತಮ್ಮದೆಲ್ಲ ತಂದು ಅವನ ಎದುರಿಗೆ ಸುರಿದು ತಮ್ಮ ಪ್ರೀತಿಯ ತೂಕ ತೋರಿಸಬೇಕಾಯಿತಲ್ಲ, ಅವನು ಏನು ಸುರಿದ?

ತಕ್ಕಡಿಯ ಮಾತು ನಮಗೆ ಬಿಡಿಸಿ ಹೇಳಿದಾತ ಅಪ್ಪ. ಅದೂ ನಮ್ಮ ದುಃಖದ ಬಗ್ಗೆ ಅಲ್ಲ, ಕಬ್ಬಿನ ಬಗ್ಗೆ.

2025ರ ನವೆಂಬರಿನಲ್ಲಿ ನಮ್ಮ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಹಗಲು ರಾತ್ರಿ ಕುಂತರು. ಟನ್ನು ಕಬ್ಬಿಗೆ 3,500 ರೂಪಾಯಿ ಬೇಕು ಎಂಬುದು ಬೇಡಿಕೆ. ರಾಜ್ಯವೆಲ್ಲ ಆ ಕ್ರಾಸಿನ ಕಡೆ ನೋಡಿತು. ಕೊನೆಗೆ ಸರ್ಕಾರ ನಡುವೆ ಬಂದು 3,300ಕ್ಕೆ ತೀರ್ಮಾನವಾಯಿತು. ನಾವೂ ಹೋಗಿ ಕುಂತು ಬಂದೆವು. ರೈತರ ಬೇಡಿಕೆ ನ್ಯಾಯದ್ದೇ. ಆದರೆ ಆ ಲೆಕ್ಕದೊಳಗೆ ಕಡಿಯುವವನ ಕೂಲಿ ಎಷ್ಟು ಎಂಬ ಮಾತು ನಮ್ಮ ಕಿವಿಗೆ ಬೀಳಲಿಲ್ಲ. ರಾತ್ರಿ ಮನೆಗೆ ಬಂದು ಅಪ್ಪನಿಗೆ ಹೇಳಿದೆವು. ಅಪ್ಪ ಕೊಯ್ತಾ ಮಸೆಯುತ್ತ ಕುಂತಿದ್ದ.

"ಕಾಟಾದ ಮ್ಯಾಲಿಂದು ಒಂದು ಮಾತು ಕೇಳ ಯವ್ವಾ" ಅಂದ. "ಮೂವತ್ತು ವರ್ಷ ಆತು ಹೊರಿ ಹೊರಾಕ ಹತ್ತಿ. ತೆಲಿ ಮ್ಯಾಲ ಬಿದ್ದ ಕೂಡ್ಲೆ ಎಷ್ಟು ಕಿಲೋ ಅಂತ ಕುತಗಿ ಹೇಳತೈತಿ. ಕಾಟಾದಾಗ ಕಮ್ಮಿ ತೋರಸ್ಯಾರಂತ ಮಂದಿ ಜಗಳಾ ಮಾಡತಾರ. ಕಾಟಾ ಸುಳ್ಳ ಹೇಳಿದ್ರ ರೊಕ್ಕ ಕಮ್ಮಿ ಬರತೈತಿ, ಖರೆ. ಆದ್ರ ಕಬ್ಬು ಕಮ್ಮಿ ಆಗಂಗಿಲ್ಲ. ಹೊತ್ತಾಂವಗ ಗೊತ್ತಿರತೈತಿ ಅದರ ತೂಕ."

ಅಪ್ಪನಿಗೆ ನಮ್ಮ ಕತೆ ಗೊತ್ತಿತ್ತೋ ಇಲ್ಲವೋ ಇವತ್ತಿಗೂ ನಾವು ಕೇಳಿಲ್ಲ. ಆ ರಾತ್ರಿ ಆರು ತಿಂಗಳ ಮೇಲೆ ನೋಟಬುಕ್ಕು ತೆಗೆದೆವು.

ಹೊತ್ತವರಿಗೆ ಗೊತ್ತು ತೂಕ. ನಮ್ಮ ಓದಿನ ತೂಕ ನಮಗೆ ಗೊತ್ತು. ಹಾಸ್ಟೆಲ್ಲಿನ ಮಂದ ಬೆಳಕಿನಲ್ಲಿ ಓದಿದ್ದು, ಪರೀಕ್ಷೆಯ ಫೀಸಿಗೆ ಅವ್ವ ಕಿವಿಯ ಬೆಂಡೋಲೆ ಒತ್ತೆ ಇಟ್ಟದ್ದು, ನಾವು ಕವಿತೆ ಓದುವಾಗ ಹಿಂದಿನ ಸಾಲಿನಲ್ಲಿ ಆಯಿ ಅರ್ಥವಾಗದೆಯೂ ತಲೆದೂಗಿದ್ದು. ಇದನ್ನೆಲ್ಲ ಹೊರದವನು ನಮ್ಮ ತೂಕ ಕಮ್ಮಿ ಎಂದರೆ ಅದು ಅವನ ಕಾಟಾದ ದೋಷ.

ನಮ್ಮ ಜಿಲ್ಲೆಯ ನಿಪ್ಪಾಣಿಗೆ 1925ರಲ್ಲಿ ಬಂದು ಸಭೆ ನಡೆಸಿದ ಬಾಬಾಸಾಹೇಬರ ಬದುಕಿನಲ್ಲೂ ಇಂಥ ಒಂದು ಪ್ರಸಂಗ ಇದೆ. ಜಾತಿ ಮುರಿಯಬೇಕೆಂದು ಹೊರಟ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ 1936ರ ತನ್ನ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರಾಗಿ ಬನ್ನಿ ಎಂದು ಕರೆಯಿತು. ಭಾಷಣದ ಪ್ರತಿ ನೋಡಿದ ಮೇಲೆ ಕರೆದವರೇ ಹೆದರಿದರು. ಅಲ್ಲಿ ಇಲ್ಲಿ ಸ್ವಲ್ಪ ಬದಲಾಯಿಸಿ ಎಂದರು. ಅಲ್ಪವಿರಾಮವನ್ನೂ ಬದಲಾಯಿಸಲು ಅವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಕರೆದವರು ಬೇಡ ಎಂದರಲ್ಲ ಎಂದು ಬಾಬಾಸಾಹೇಬರು ಭಾಷಣವನ್ನು ಹರಿದುಹಾಕಲಿಲ್ಲ. ತಮ್ಮ ಖರ್ಚಿನಲ್ಲೇ ಅಚ್ಚು ಹಾಕಿಸಿದರು. 1,500 ಪ್ರತಿ ಎರಡು ತಿಂಗಳಲ್ಲಿ ಮುಗಿದವು. ಅದೇ 'ಜಾತಿ ವಿನಾಶ'. ಜಾತಿ ಹೋಗಬೇಕಾದರೆ ಅಂತರ್ಜಾತಿ ವಿವಾಹವೇ ನಿಜವಾದ ಮದ್ದು ಎಂದು ಅವರು ಹೇಳಿದ್ದೂ ಅದರೊಳಗೇ. ಕರೆದವರು ಯಾರು ಎಂಬುದು ಇವತ್ತು ನೆನಪಿರುವುದು ಆ ಪುಸ್ತಕದಿಂದಲೇ.

ನಮ್ಮನ್ನೂ ಒಬ್ಬ ಕರೆದ. ಆಮೇಲೆ ಅಡ್ಡಹೆಸರು ಬದಲಾಯಿಸು ಎಂದ. ಅದು ನಮ್ಮ ಅಲ್ಪವಿರಾಮ. ಅಲ್ಲಿ ಬಗ್ಗಿದ್ದರೆ ಲಗ್ನ ಆಗುತ್ತಿತ್ತೇನೋ, ನಾವು ಉಳಿಯುತ್ತಿರಲಿಲ್ಲ.

ಅವನ ಹೆದರಿಕೆ ಪೂರಾ ಸುಳ್ಳು ಎಂದು ನಾವು ಹೇಳುವುದಿಲ್ಲ. 2019ರ ನವೆಂಬರಿನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ, ಲಗ್ನವಾಗಿ ವರ್ಷಗಳಾದ ಮೇಲೆ ಊರಿಗೆ ಬಂದ ಜೋಡಿಯನ್ನು ಹುಡುಗಿಯ ಕಡೆಯವರೇ ಕೊಂದರು. 2025ರ ಡಿಸೆಂಬರಿನಲ್ಲಿ ಹುಬ್ಬಳ್ಳಿ ತಾಲೂಕಿನ ಇನಾಂ ವೀರಾಪುರದಲ್ಲಿ, ದಲಿತ ಹುಡುಗನನ್ನು ಲಗ್ನವಾದ ಬಸುರಿ ಮಗಳನ್ನು ಹೆತ್ತವನೇ ಹೊಡೆದು ಕೊಂದ. ಇದನ್ನು ಮರ್ಯಾದೆ ಎಂದು ಕರೆಯುತ್ತಾರೆ. ಈ ಸುದ್ದಿ ಓದಿದ ರಾತ್ರಿ ಅವ್ವ ನಮ್ಮ ಹಾಸಿಗೆಯ ಪಕ್ಕದಲ್ಲಿ ಬಂದು ಮಲಗಿದಳು, ಏನೂ ಮಾತಾಡಲಿಲ್ಲ. ಹೆದರಿಕೆ ನಮಗೂ ಇತ್ತು. ಆದರೆ ಹೆದರಿದವನು ಹೆದರಿದೆ ಎಂದು ಹೇಳಬೇಕು. "ನನ್ನ ಮಂದಿ ಇಂಥವರು, ನನಗ ಅವರ ಎದುರು ನಿಲ್ಲೂ ಧೈರ್ಯ ಇಲ್ಲ" ಎಂದು ಅವನು ಹೇಳಿದ್ದರೆ ನಾವು ಅವನ ಕೈ ಹಿಡಿದು ಅತ್ತು ಬೀಳ್ಕೊಡುತ್ತಿದ್ದೆವು. ಹಾಗೆ ಹೇಳದೆ, ಹಗಲಿಗೆ ಒಬ್ಬಾಕಿ ಇರುಳಿಗೆ ಒಬ್ಬಾಕಿ ಎಂಬ ಹಳೇ ಪದ್ಧತಿಗೆ ಪ್ರೀತಿ ಎಂಬ ಹೊಸ ಹೆಸರು ಇಟ್ಟನಲ್ಲ, ಅದು ತಪ್ಪು. ಆ ತಪ್ಪಿನಲ್ಲಿ ಅವನು ಲಗ್ನವಾದ ಹುಡುಗಿಗೂ ಅನ್ಯಾಯ ಇದೆ. ಅವಳ ಬಂಗಾರ ಎಣಿಸಿದ್ದಕ್ಕೆ ನಾವು ಅವಳ ಕ್ಷಮೆ ಕೇಳಬೇಕು. ಅವಳನ್ನೂ ತೂಗಿಯೇ ತಂದಿದ್ದಾರೆ.

ಚಳವಳಿಯ ಗೆಳೆಯರಿಗೆ ಒಂದು ಮಾತು. ನಮ್ಮ ಸಭೆಗಳಲ್ಲಿ ಜಾತಿ ವಿನಾಶದ ಬಗ್ಗೆ ಠರಾವು ಪಾಸಾಗುತ್ತವೆ. ಸಭೆ ಮುಗಿದ ಮೇಲೆ ಹುಡುಗರು ತಂತಮ್ಮ ಮನೆಗೆ ಹೋಗಿ ತಂತಮ್ಮ ಮಂದಿಯ ಹುಡುಗಿಯರನ್ನು ನೋಡಿ ಬರುತ್ತಾರೆ. ಲಗ್ನಪತ್ರಿಕೆಯ ಮೇಲೆ ಬುದ್ಧ ಬಸವ ಅಂಬೇಡ್ಕರರ ಚಿತ್ರ ಇರುತ್ತದೆ. ಇದು ನಮ್ಮ ಒಬ್ಬಾಕಿಯ ಅನುಭವ ಅಲ್ಲ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದದ್ದು 1994ರಲ್ಲಿ. ಜಾತಿ ನಡುವೆ ಬಂದು ಮುರಿದ ಪ್ರೀತಿಯ ನೋವು ಅದರೊಳಗೂ ಇದೆ. ಅಷ್ಟು ವರ್ಷ ಕಳೆದರೂ ನಾವು ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೇವೆ. ಮಾಲಗತ್ತಿಯವರು ಗಂಡಸರ ಕಡೆಯಿಂದ ಬರೆದರು. ನಮ್ಮ ಹೆಣ್ಣುಮಕ್ಕಳು ಬರೆಯಲು ಇನ್ನೂ ಹೆದರುತ್ತಾರೆ. ಬರೆದರೆ, ಯಾವನ ಕೂಡ ಓಡಾಡಿದಾಕಿ ಅಂತ ಮೊದಲು ಕೇಳುವುದು ನಮ್ಮ ಕೇರಿಯೇ. ಅದನ್ನೂ ಇಲ್ಲಿ ಹೇಳಬೇಕು. ತಕ್ಕಡಿ ಊರಿನವರ ಕೈಯಲ್ಲಷ್ಟೇ ಇಲ್ಲ.

ಹಳ್ಳಿಯ ಮಾಸ್ತರರಿಗೂ ಬಾಯಾರಿಗೂ ಒಂದು ಬೇಡಿಕೆ. ನಿಮ್ಮ ಸಾಲಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂಡುವ ಕೇರಿಯ ಹುಡುಗಿಗೆ, ನೀನು ಓದಿದರೆ ದೊಡ್ಡಾಕಿ ಆಗತಿ ಎಂದು ಹೇಳಬ್ಯಾಡರಿ. ಈಗಲೇ ನೀ ಯಾರಿಗೂ ಕಮ್ಮಿ ಇಲ್ಲ ಎಂದು ಹೇಳಿರಿ. ಓದಿ ದೊಡ್ಡವರಾದ ಮೇಲೆ ಬೆಲೆ ಬರುತ್ತದೆ ಎಂದು ನಂಬಿ ಬಂದವರು ನಾವು. ಡಿಗ್ರಿ ಬಂದ ಮೇಲೂ ಒಬ್ಬನ ಒಂದು ಮಾತಿಗೆ ಪುಡಿಯಾದೆವು. ಬೆಲೆ ಮುಂದೆ ಎಲ್ಲೋ ಇದೆ ಎಂದು ಕಲಿಸಿದರೆ, ಅದನ್ನು ಯಾರಾದರೂ ಕೊಡಲಿ ಎಂದು ಹುಡುಗಿ ಕೈ ಚಾಚಿ ನಿಲ್ಲುತ್ತಾಳೆ.

ಕಳೆದ ಬೇಸಿಗೆಯಲ್ಲಿ ಮತ್ತೆ ಪಾರಿಜಾತ ನೋಡಿದೆವು. ಆಯಿ ಜೊತೆಗಿದ್ದಳು. ಈ ಸಲ ನಮ್ಮ ಕಣ್ಣು ಭಾಮೆಯ ಮೇಲೆ ನಿಲ್ಲಲಿಲ್ಲ. ಕಣಿ ಹೇಳಲು ಬಂದ ಕೊರವಂಜಿಯ ಮೇಲೆ ನಿಂತಿತು. ಬುಟ್ಟಿ ಹೊತ್ತು ಊರೂರು ತಿರುಗುವಾಕಿ. ಊರಲ್ಲಿ ಅವಳಿಗೆ ಕುಡಿಯಲು ನೀರು ಎತ್ತಿ ಹೊಯ್ಯುತ್ತಾರೆ. ಆಟದೊಳಗೆ ಅವಳು ನೆಟ್ಟಗೆ ಅರಮನೆಗೆ ನಡೆದು ಬರುತ್ತಾಳೆ. ಯಾರದೋ ದಾರಿ ಕಾದು ಅಳುವಾಕಿ ರಾಣಿ. ತನ್ನ ವಿದ್ಯೆಯನ್ನು ತಾನೇ ಹೊತ್ತು ನಡೆಯುವಾಕಿ ಕೊರವಿ.

ಆಯಿಗೆ ಇದನ್ನು ಹೇಳಿದೆವು. "ಈಗ ತಿಳೀತೇನ ನಿನಗ" ಅಂದಳು. ಎಲೆ ಅಡಿಕೆಯ ಚೀಲ ಬಿಚ್ಚಿ, ಒಂದು ಎಲೆ ತಾನು ಹಾಕಿಕೊಂಡು ಒಂದು ನಮಗೆ ಕೊಟ್ಟಳು.

ಮಣಿಗಳ ಗಂಟು ಈಗ ನಮ್ಮ ಹತ್ತಿರ ಇದೆ. ಮತ್ತೆ ದಾರಕ್ಕೆ ಪೋಣಿಸುವುದಿಲ್ಲ. ಬರೆಯುವಾಗ ನೋಟಬುಕ್ಕಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇವೆ.